ಉಚಿತ ವಕೀಲರು ಸಿಕ್ಕರೆ ಸಾಕಾ?

ನಮ್ಮೂರಿನ ಅಕ್ಕನೊಬ್ಬಳನ್ನು ಠಾಣೆಯಲ್ಲಿ ಕೂರಿಸಿ, ಆಕೆಗೆ ಓದಲು ಬಾರದ ಲಿಪಿಯ ಕಾಗದಕ್ಕೆ ಸಹಿ ಕೇಳಿದರು ಅಂದುಕೊಳ್ಳಿ. ವಕೀಲರಿಗೆ ಕೊಡೋಕೆ ದುಡ್ಡೂ ಇಲ್ಲ.

ದುಡ್ಡಿನ ಮಾತಿಗೆ ಕಾನೂನಲ್ಲಿ ಉತ್ತರ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. 15100ಕ್ಕೆ ಫೋನ್ ಮಾಡಿದರೂ ಆಯ್ತು.

ತೊಡಕಿರೋದು ಭಾಷೆಯದ್ದು. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷಿ ನುಡಿದರೆ, ತಿಳಿಯುವ ಭಾಷೆಯಲ್ಲಿ ಅದನ್ನು ವಿವರಿಸಲೇಬೇಕು. ಹಳೇ ದಂಡ ಪ್ರಕ್ರಿಯಾ ಸಂಹಿತೆಯ 279ನೇ ಕಲಂನಲ್ಲಿದ್ದ ಈ ಮಾತು ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಆದರೆ ಅದು ಕೋರ್ಟಿನೊಳಗೆ. ಅದಕ್ಕೂ ಮೊದಲು ವಕೀಲರೆದುರು ಕೂತು ನಡೆದದ್ದನ್ನು ಹೇಳಿಕೊಳ್ಳಬೇಕಲ್ಲ? ಹರಕು ಮುರುಕು ತಮಿಳಲ್ಲೋ ಮರಾಠಿಯಲ್ಲೋ ಹೇಳಿದರೆ ಅರ್ಧ ಸಂಗತಿ ಗಂಟಲಲ್ಲೇ ಉಳಿಯುತ್ತೆ. ಫೀಸಿಲ್ಲದ ಆ ವಕೀಲರು ಎಷ್ಟೇ ಒಳ್ಳೆಯವರಿರಲಿ, ಕೇಳಿಸಿಕೊಳ್ಳದ್ದನ್ನು ವಾದಿಸೋದು ಹೇಗೆ?

ತಾಳವಾಡಿ, ಕಾಸರಗೋಡು, ಜತ್, ಮಡಕಶಿರಾದ ಗೆಳೆಯ ಗೆಳತಿಯರೇ, ನಿಮ್ಮ ಜಿಲ್ಲಾ ಪ್ರಾಧಿಕಾರದ ವಕೀಲರ ಪಟ್ಟಿಯಲ್ಲಿ ಕನ್ನಡ ಬಲ್ಲವರು ಎಷ್ಟು ಜನ? ಆರ್‌ಟಿಐ ಹಾಕಿ ಕೇಳಿ. ಅರೆ ಕಾನೂನು ಸ್ವಯಂಸೇವಕರಾಗೋಕೆ ಎಲ್‌ಎಲ್‌ಬಿ ಬೇಕಿಲ್ಲ, ಅದಕ್ಕೂ ಅರ್ಜಿ ಹಾಕಿ. ಬಂದ ಉತ್ತರವನ್ನು ನಮಗೂ ಕಳಿಸಿ, ಇಲ್ಲೇ ಹಾಕ್ತೀವಿ.