ಒಂದೇ ಡಿಸ್ಕಿನಲ್ಲಿ ಇಡೀ ರಾತ್ರಿಯ ಆಟ

ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಪೂರ್ವಕ್ಕೆ ಇಳಿದು ನಡೆದರೆ ಲ್ಯಾಮಿಂಗ್ಟನ್ ರೋಡು ಸಿಗುತ್ತದೆ. ಸರಕಾರಿ ಹೆಸರು ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ. ಜನರಿಗೆ ಅದು ಕಂಪ್ಯೂಟರು, ಕೇಬಲ್ಲು, ಬಿಡಿಭಾಗಗಳ ಬೀದಿ. 2000ರ ದಶಕದಲ್ಲಿ ಖಾಲಿ ಡಿವಿಡಿ, ಡಿವಿಡಿ ರೈಟರ್‌ಗಳಿಗೂ ಇದೇ ಪೇಟೆ. ಮುಂಬಯಿ ಕನ್ನಡಿಗರ, ತುಳುವರ ಮದುವೆ, ಸಂಘದ ವಾರ್ಷಿಕೋತ್ಸವ, ಊರಿನಿಂದ ಬಂದ ಮೇಳದ ಯಕ್ಷಗಾನ ಎಲ್ಲವೂ ಆ ಕಾಲದಲ್ಲಿ ಡಿವಿಡಿಯಾಗಿಯೇ ಮನೆ ಸೇರುತ್ತಿದ್ದವು. ಎಲ್ಲರಿಗೂ ಬೇಕಾದದ್ದು ಒಂದೇ: ಎಷ್ಟೇ ಉದ್ದವಿರಲಿ, ಒಂದು ಡಿಸ್ಕಿನಲ್ಲಿ ಮುಗಿಯಬೇಕು.

ಲೆಕ್ಕ ಸರಳ. ಮಿನಿ ಡಿವಿ ಟೇಪಿನ ಒಂದು ಗಂಟೆ ಸುಮಾರು 13 ಜಿಬಿ. ಎಂಟು ಗಂಟೆಯ ಆಟ 104 ಜಿಬಿ. ಸಾಮಾನ್ಯ ಡಿವಿಡಿಯಲ್ಲಿ ಇರುವ ಜಾಗ 4.7 ಜಿಬಿ. ಅಂದರೆ 22 ಪಾಲಿನಲ್ಲಿ ಒಂದು ಪಾಲು ಉಳಿಯಬೇಕು. ಎರಡು ಗಂಟೆಯ ಚಿತ್ರಕ್ಕೆ ಸೆಕೆಂಡಿಗೆ 5.2 ಮೆಗಾಬಿಟ್ ಸಿಗುವ ಡಿಸ್ಕಿನಲ್ಲಿ ಎಂಟು ಗಂಟೆಗೆ ಸಿಗುವುದು 1.3 ಮಾತ್ರ. ಧ್ವನಿಯನ್ನು ಕುಗ್ಗಿಸದೆ ಹಾಗೇ ಇಟ್ಟರೆ ಅದಕ್ಕೇ 1.5 ಬೇಕು, ಚಿತ್ರಕ್ಕೆ ಜಾಗವೇ ಇಲ್ಲ.

ಡಿವಿಡಿ ಬಳಸುವ ಎಂಪೆಗ್-2 ವಿಧಾನ ಕೆಲವು ಫ್ರೇಮುಗಳನ್ನು ಪೂರ್ತಿ ಇಟ್ಟುಕೊಂಡು, ಉಳಿದವುಗಳಲ್ಲಿ ಬದಲಾದದ್ದನ್ನಷ್ಟೇ ಬರೆದುಕೊಳ್ಳುತ್ತದೆ. ಕುರ್ಚಿಯಲ್ಲಿ ಕೂತು ಭಾಷಣ ಮಾಡುವವರಿಗೆ ಇದು ಸಾಕು. ವೇಷಧಾರಿ ಧೀಂಗಿಣ ಹಾಕುವಾಗ ಎಲ್ಲವೂ ಏಕಕಾಲಕ್ಕೆ ಬದಲಾಗುತ್ತದೆ. ಬಿಟ್ ಸಾಲದೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಆಟದಲ್ಲಿ ನೋಡಲೇಬೇಕಾದ ಗಳಿಗೆಯೇ ಮೊದಲು ಹಾಳಾಗುತ್ತದೆ.

ಕುಗ್ಗಿಸಿದ್ದೇ ತಪ್ಪು ಎನ್ನಲಾಗದು. ಮನೆಯ ಕಂಪ್ಯೂಟರಿನಲ್ಲಿ 40 ಅಥವಾ 80 ಜಿಬಿ ಹಾರ್ಡ್ ಡಿಸ್ಕ್ ಇದ್ದ ಕಾಲದಲ್ಲಿ ಪೂರ್ತಿ ಆಟವನ್ನು ಇಟ್ಟುಕೊಳ್ಳುವುದು ಎಲ್ಲರ ಕೈಲಾಗುತ್ತಿರಲಿಲ್ಲ. ನಾಲ್ಕು ಡಿಸ್ಕಿಗೆ ಹಂಚಿದ್ದರೆ ಎರಡೆರಡು ಗಂಟೆ ಚೆನ್ನಾಗಿಯೇ ಕೂರುತ್ತಿತ್ತು, ಆದರೆ ನೆಂಟರಿಗೆ ಕೊಡಲು ಒಂದು ಡಿಸ್ಕೇ ಹಗುರ. ನಷ್ಟವಾದದ್ದು ಡಿವಿಡಿ ಕೈಗೆ ಬಂದ ಮೇಲೆ ಟೇಪಿನ ಮೇಲೆ ಇನ್ನೊಂದು ಕಾರ್ಯಕ್ರಮ ಚಿತ್ರಿಸಿಕೊಂಡಾಗ. ಹಂಚಲು ಮಾಡಿದ ಪ್ರತಿಯೇ ಮೂಲದ ಜಾಗದಲ್ಲಿ ಕೂತಿತು. ಬಿಟ್ಟುಹೋದ 21 ಪಾಲನ್ನು ಈಗ ಯಾವ ತಂತ್ರಾಂಶವೂ ಮರಳಿ ತರಲಾರದು. ಊಹಿಸಿ ತುಂಬಬಲ್ಲದು, ಅಷ್ಟೆ.

ಆ ಅಭ್ಯಾಸ ಡಿವಿಡಿಯ ಜೊತೆಗೆ ಹೋಗಿಲ್ಲ. ಇಂದು ವಾಟ್ಸಾಪಿನಲ್ಲಿ ಕಳಿಸಿದ ಕುಗ್ಗಿದ ವಿಡಿಯೊ ಉಳಿಯುತ್ತದೆ, ಫೋನು ತುಂಬಿತೆಂದು ಮೂಲ ಅಳಿಸಿಹೋಗುತ್ತದೆ. ಆಗ ಜಾಗ ದುಬಾರಿ ಎಂಬ ನೆಪವಿತ್ತು. 104 ಜಿಬಿ ಈಗ ಜೇಬಿನಲ್ಲಿ ಹಿಡಿಸುತ್ತದೆ.

ಕಪಾಟಿನಲ್ಲಿ ಟೇಪು ಉಳಿಸಿಕೊಂಡಿರುವ ಮನೆಗಳೂ ಸಂಘಗಳೂ, ಅದನ್ನು ಓಡಿಸುವ ಕ್ಯಾಮೆರಾ ಸಿಗುವಾಗಲೇ ಫೈರ್‌ವೈರ್ ಮೂಲಕ ಕುಗ್ಗಿಸದೆ ಇಳಿಸಿಕೊಳ್ಳಬೇಕು. ಡಿವಿಡಿ ಮಾತ್ರ ಇದ್ದರೆ ಅದನ್ನು ಇದ್ದಂತೆಯೇ ಹಾರ್ಡ್ ಡಿಸ್ಕಿಗೆ ನಕಲು ಮಾಡಬೇಕು, ಇನ್ನೊಮ್ಮೆ ಕುಗ್ಗಿಸಬಾರದು. ರೈಟರ್‌ನಲ್ಲಿ ಬರೆದ ಡಿಸ್ಕಿನ ಬಣ್ಣದ ಪದರ ಬಿಸಿಲು, ಸೆಕೆ, ತೇವಕ್ಕೆ ಕೆಡುತ್ತದೆ. ಮುಂಬಯಿಯಲ್ಲೂ ಕರಾವಳಿಯಲ್ಲೂ ಮಳೆಗಾಲಕ್ಕೆ ಬರವಿಲ್ಲ.