ಕೊಳವೆಯೊಳಗಿನ ಗಾಳಿಯ ಲೆಕ್ಕ

ಗುಡ್ಡದ ಒರತೆಯಿಂದ ಮಲೆನಾಡಿನ ಮನೆಗಳಿಗೆ ಇಳಿದುಬರುವ ಅಬ್ಬಿನೀರು ಬೇಸಿಗೆಯಲ್ಲಿ ನಿಂತೊಡನೆ ಒರತೆ ಬತ್ತಿತೆಂಬ ಮಾತು ಹುಟ್ಟುತ್ತದೆ. ಇಲ್ಲವೇ ಮೇಲಿನ ಮನೆಯವರು ನೀರು ತಿರುಗಿಸಿಕೊಂಡರೆಂಬ ದೂರು. ಮೂರನೆಯ ಕಾರಣವೊಂದುಂಟು: ಪೈಪಿಗೆ ಗಾಳಿ ಹಿಡಿದಿರುವುದು. ಕೆಮ್ಮಿದಂತೆ ಸದ್ದುಮಾಡಿ ಒಮ್ಮೆ ಗಾಳಿಯನ್ನೂ ಒಮ್ಮೆ ನೀರನ್ನೂ ಉಗುಳುವ ನಲ್ಲಿ ಅದರ ಸಾಕ್ಷಿ.

ಓರೆಯಾದ ಕೊಳವೆಯಲ್ಲಿ ಗಾಳಿಗುಳ್ಳೆಗಳೂ ನೀರಿನ ತುಂಡುಗಳೂ ಒಂದರ ಹಿಂದೊಂದು ಸಾಗುವ ಈ ಹರಿವನ್ನು ಶ್ರದ್ಧೆಯಿಂದ ಅಳೆದವರಲ್ಲಿ, ವಿಪರ್ಯಾಸವೆಂಬಂತೆ, ಪೆಟ್ರೋಲಿಯಂ ಎಂಜಿನಿಯರುಗಳೇ ಮುಂದು. ಎಣ್ಣೆಯೂ ಅನಿಲವೂ ಒಂದೇ ಕೊಳವೆಯಲ್ಲಿ ಬೆಟ್ಟ ಹತ್ತಿಳಿಯಬೇಕಾದುದು ಅವರ ತೊಡಕು. ಅಮೆರಿಕದ ಟಲ್ಸಾ ವಿಶ್ವವಿದ್ಯಾಲಯದ ಬೆಗ್ಸ್ ಮತ್ತು ಬ್ರಿಲ್ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 90 ಅಡಿ ಉದ್ದದ ಪಾರದರ್ಶಕ ಕೊಳವೆಗಳಿದ್ದವು. ವ್ಯಾಸ 1 ಮತ್ತು 1.5 ಅಂಗುಲ, ಒಳಗೆ ಹರಿದದ್ದು ನೀರು ಮತ್ತು ಗಾಳಿ. ತೋಟಕ್ಕೆ ಎಳೆಯುವ ಕಪ್ಪು ಪೈಪಿನ ಅಳತೆಯೂ ಹೆಚ್ಚುಕಡಿಮೆ ಇದೇ! ಕೊಳವೆಯನ್ನು ಏರಿಗೂ ಇಳಿಜಾರಿಗೂ ನಾನಾ ಕೋನಗಳಲ್ಲಿ ವಾಲಿಸಿ, ಎರಡು ತುದಿಯ ಕವಾಟಗಳನ್ನು ಥಟ್ಟನೆ ಮುಚ್ಚಿ, ನಡುವೆ ಸಿಕ್ಕಿದ ನೀರೆಷ್ಟೆಂದು ಅವರು ಅಳೆದರು. ಸುಮಾರು 50 ಡಿಗ್ರಿಯ ಏರಿನಲ್ಲಿ ನೀರಿನ ಪಾಲು ಅತ್ಯಧಿಕ. ಅಷ್ಟೇ ಕೋನದ ಇಳಿಜಾರಿನಲ್ಲಿ ಅತ್ಯಲ್ಪ. ಏರಿನಲ್ಲಿ ಗುರುತ್ವ ನೀರನ್ನು ಹಿಂದಕ್ಕೆಳೆದು ನಿಲ್ಲಿಸುತ್ತದೆ. ಇಳಿಜಾರಿನಲ್ಲಿ ನೀರು ತಳಹಿಡಿದು ಓಡಿ ಮೇಲಿನ ಜಾಗವನ್ನು ಗಾಳಿಗೆ ಬಿಟ್ಟುಕೊಡುತ್ತದೆ.

ಅಬ್ಬಿಯ ಪೈಪಿನಲ್ಲಿ ನಡೆಯುವುದೂ ಇದೇ. ಒರತೆಯ ಮಟ್ಟ ಇಳಿದಾಗ ಪೈಪಿನ ಬಾಯಿ ಅರ್ಧ ತೆರೆದು ಗಾಳಿ ಒಳನುಗ್ಗುತ್ತದೆ. ದಿಬ್ಬ ದಾಟಿ ಇಳಿಯುವಲ್ಲಿ ಅದು ನೆಲೆಯೂರುತ್ತದೆ. ಹರಿವು ಮಂದವಿದ್ದರೆ ಅದನ್ನು ತಳ್ಳುವ ಬಲ ನೀರಿಗಿಲ್ಲ. ಹಾಗೆ ನಿಂತ ಪ್ರತಿಯೊಂದು ಗಾಳಿಗುಳ್ಳೆಯೂ ತನ್ನ ನೇರ ಎತ್ತರದಷ್ಟು ಒತ್ತಡವನ್ನು ನುಂಗುತ್ತದೆ. ಒರತೆ ನಲ್ಲಿಗಿಂತ 6 ಮೀಟರ್ ಮೇಲಿದ್ದು, ಎರಡು ದಿಬ್ಬಗಳಾಚೆ ತಲಾ 3 ಮೀಟರ್ ಎತ್ತರದ ಗಾಳಿ ನಿಂತರೆ, ಒರತೆ ತುಂಬಿದ್ದರೂ ಹನಿ ನೀರು ಬಾರದು. ಹಿಂದಿನ ಅಡಿಕೆ ದಬ್ಬೆಗೆ ಈ ವ್ಯಾಧಿಯಿರಲಿಲ್ಲ, ಅದರ ಮೈ ತೆರೆದಿತ್ತು. ಆದರೆ ದಬ್ಬೆ ದಿಬ್ಬ ಹತ್ತುತ್ತಿರಲಿಲ್ಲ.

ಇಷ್ಟನ್ನು ಪರೀಕ್ಷಿಸದೆ ಒರತೆಯನ್ನು ಕೈಬಿಟ್ಟು ಕೊಳವೆಬಾವಿ ಕೊರೆಸುವುದು ದುಡುಕು. ವಿದ್ಯುತ್ತು ಬೇಡದ ನೀರನ್ನು ತೊರೆದು ವಿದ್ಯುತ್ತಿಗೆ ಕೈಯೊಡ್ಡುವ ದುಡುಕು. ಪರೀಕ್ಷೆಗೆ ಪ್ರಯೋಗಶಾಲೆಯೂ ಬೇಕಿಲ್ಲ. 10 ಲೀಟರಿನ ಬಕೆಟ್ಟು ಮತ್ತು ಕೈಗಡಿಯಾರ ಹಿಡಿದು ಪ್ರೌಢಶಾಲೆಯ ವಿದ್ಯಾರ್ಥಿಗಳೇ ಒರತೆಯಲ್ಲೂ ನಲ್ಲಿಯಲ್ಲೂ ನೀರು ತುಂಬುವ ಹೊತ್ತನ್ನು ಬರೆದಿಡಬಹುದು. ನಲ್ಲಿ ಸೊರಗಿರುವಾಗ ಒರತೆಯ ಗುಂಡಿ ತುಂಬಿ ಹೊರಚೆಲ್ಲುತ್ತಿದ್ದರೆ ತಡೆ ಪೈಪಿನಲ್ಲಿದೆ: ಗಾಳಿ, ಇಲ್ಲವೇ ಕಸ. ಹೊರಚೆಲ್ಲದೆಯೂ ನಲ್ಲಿಯಲ್ಲಿ ನೀರು ಕಡಿಮೆಯಾದರೆ ಎಲ್ಲೋ ಸೋರಿಕೆಯಿದೆ. ಪೈಪಿನ ಬಾಯನ್ನು ಸದಾ ನೀರಿನಡಿ ಇಡುವುದು, ದಿಬ್ಬದ ನೆತ್ತಿಯಲ್ಲಿ ಗಾಳಿ ಬಿಡಲು ಸಣ್ಣ ಕವಾಟ ಕೂರಿಸುವುದು, ಸಾಧ್ಯವಾದಲ್ಲಿ ದಿಬ್ಬವನ್ನೇ ಬಳಸಿ ಪೈಪು ಹಾಯಿಸುವುದು, ಇವು ಮನೆಮಂದಿಯೇ ಮಾಡಿಕೊಳ್ಳಬಹುದಾದ ಕೆಲಸಗಳು.

ಗಾಳಿ ಕಳೆದ ಮೇಲೂ ಒರತೆಯ ಬಳಿಯ ಅಂಕಿಯೇ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದ್ದರೆ, ಆಗ ವಿಚಾರಿಸಬೇಕಾದುದು ಒರತೆಯ ಮೇಲಣ ಕಾಡಿನ ಸ್ಥಿತಿಯನ್ನು. ಗ್ರಾಮಸಭೆಯ ಮುಂದಿಡಲು ಆ ಅಂಕಿಗಳ ಪುಸ್ತಕ ಕೈಯಲ್ಲಿರುತ್ತದೆ.