ಮೊಳಕೆಯಲ್ಲಿ ಕೆಲಸಗಾರನ ಪಾಲು

ಉದ್ಯೋಗವನ್ನರಸಿ ಮುಂಬಯಿಗೆ ಬರುವ ನಮ್ಮ ಹುಡುಗನಿಗೆ ಮೊದಲ ಆಸರೆಯೀಯುವುದು ಹೋಟೆಲು. ಗಿರಾಕಿಯ ಮುಂದೆ ಮೊಳಕೆ ಕಾಳಿನ ಉಸಳ್ ತಂದಿಡುವ ಆತನ ಪಾಲಿಗೆ ಎಷ್ಟೋ ಕಡೆ ದೊರೆಯುವುದು ಅನ್ನ ಮತ್ತು ತಿಳಿಸಾರು ಮಾತ್ರ. ಎಸ್.ಎಸ್.ಎಲ್.ಸಿ. ಮುಗಿಸಿ ಬಂದ ಹೊಸತರಲ್ಲಿ ನಾನೂ ಅದನ್ನೇ ಉಂಡವನು; ಮುಂದೆ ಮಾಲಿಕನಾದಾಗ ಅದನ್ನೇ ಬಡಿಸಿದವನೂ ಹೌದು. ಆದುದರಿಂದಲೇ ಈ ಮಾತನ್ನಾಡುವ ಹೊಣೆ ನನ್ನದಾಗಿದೆ.

ಒಣಗಿದ ಹೆಸರುಕಾಳು ಬೀಗ ಹಾಕಿದ ಉಗ್ರಾಣದಂತೆ. ನೀರು ಕುಡಿದೊಡನೆ ಅದರೊಳಗಿನ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಪಿಷ್ಟವನ್ನು ಸಕ್ಕರೆಯಾಗಿಯೂ ಸಸಾರಜನಕವನ್ನು ಅಮೈನೋ ಆಮ್ಲಗಳಾಗಿಯೂ ಒಡೆಯತೊಡಗುತ್ತವೆ. ಹೊಟ್ಟೆಯುಬ್ಬರಕ್ಕೆ ಕಾರಣವಾದ ರಾಫಿನೋಸ್ ಜಾತಿಯ ಸಕ್ಕರೆಗಳು ಕುಂದುತ್ತವೆ. ಕಬ್ಬಿಣಾಂಶವನ್ನು ಬಿಗಿಹಿಡಿದಿರುವ ಫೈಟಿಕ್ ಆಮ್ಲವೂ ಕಡಮೆಯಾಗುವುದರಿಂದ ಆ ಕಬ್ಬಿಣ ನಮ್ಮ ಮೈಗೆ ಹೆಚ್ಚು ದಕ್ಕುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಒಣಕಾಳಿನಲ್ಲಿ ಇಲ್ಲವೆಂಬಷ್ಟು ಅಲ್ಪವಾದ ‘ಸಿ’ ಜೀವಸತ್ವವು ಮೊಳಕೆಯಲ್ಲಿ ಹೊಸದಾಗಿ ಹುಟ್ಟುತ್ತದೆ.

ಇದು ಬರಿಯ ಪುಸ್ತಕದ ಮಾತಲ್ಲ. ೧೯೧೫-೧೬ರಲ್ಲಿ ಮೆಸೊಪೊಟೇಮಿಯದ ಕುತ್ ಪಟ್ಟಣದ ಮುತ್ತಿಗೆಯಲ್ಲಿ ಸಿಲುಕಿದ ಭಾರತೀಯ ಸಿಪಾಯಿಗಳಲ್ಲಿ ಅನೇಕರು ಈ ಜೀವಸತ್ವದ ಕೊರತೆಯಿಂದ ಸ್ಕರ್ವಿ ರೋಗಕ್ಕೆ ಈಡಾದರು. ಒಣಕಾಳು ತಡೆಯಲಾರದ ಆ ರೋಗವನ್ನು ಮೊಳೆತ ಕಾಳು ತಡೆಯಬಲ್ಲುದೆಂದು ಹ್ಯಾರಿಯೆಟ್ ಚಿಕ್ ಮತ್ತು ಮೇರಿಯನ್ ಡೆಲ್ಫ್ ಎಂಬ ಇಂಗ್ಲೆಂಡಿನ ವಿದುಷಿಯರು ೧೯೧೯ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ತೋರಿಸಿದರು.

ಇದಕ್ಕೆ ತಗಲುವ ವೆಚ್ಚವಾದರೂ ಎಷ್ಟು? ಬೊಗಸೆ ಕಾಳು, ಒಂದು ಒದ್ದೆ ಬಟ್ಟೆ, ಒಂದೆರಡು ದಿನಗಳ ತಾಳ್ಮೆ. ಮಾಲಿಕ ಬಂಧುಗಳೆ, ಗಿರಾಕಿಗಾಗಿ ಹೇಗೂ ಮೊಳೆಯಿಸುವ ಕಾಳಿನಲ್ಲಿ ಕೆಲಸಗಾರನ ಪಾಲನ್ನೂ ಸೇರಿಸಿ ನೆನೆಹಾಕಿರಿ. ಇದು ದಾನವಲ್ಲ, ದುಡಿದವನ ಹಕ್ಕು. ಮೊಳಕೆ ಕೊಟ್ಟೆವೆಂದು ತರಕಾರಿಯನ್ನು ತಪ್ಪಿಸುವುದು ಮಾತ್ರ ಸಲ್ಲದು. ಒಂದು ಇನ್ನೊಂದಕ್ಕೆ ಬದಲಲ್ಲ.

ಖೋಲಿಗಳಲ್ಲಿ ಕೂಡಿ ಬಾಳುವ ಗುಮಾಸ್ತ ಮಿತ್ರರಿಗೂ ಇದು ಅಸಾಧ್ಯವಲ್ಲ. ಇಡಿಯ ಕಾಳೇ ಬೇಕು. ಒಡೆದ ಬೇಳೆ ಮೊಳೆಯದು. ದಿನಕ್ಕೆರಡು ಸಲ ಶುದ್ಧ ನೀರಿನಲ್ಲಿ ತೊಳೆಯಬೇಕು. ಕಾಳು ಮೊಳೆಯುವ ತೇವದಲ್ಲಿಯೇ ರೋಗಾಣುಗಳೂ ಬೆಳೆಯುತ್ತವೆ. ಬಹಳ ಹೊತ್ತು ಕುದಿಸಿದರೆ ‘ಸಿ’ ಜೀವಸತ್ವದ ಬಹುಪಾಲು ನಷ್ಟವಾಗುವುದರಿಂದ ಹಬೆಯಲ್ಲಿ ಮೆದುವಾಗುವಷ್ಟು ಬೇಯಿಸಿದರೆ ಸಾಕು.

ಊರಿನಲ್ಲಿರುವ ತಾಯಿ ಮಗನನ್ನು ನಮ್ಮ ಹೋಟೆಲಿಗೆ ಕಳುಹಿಸುವುದು ಅವನು ಬಾಳಿ ಬೆಳೆಯಲೆಂದು. ಆ ನಂಬಿಕೆಯನ್ನು ಉಳಿಸಿಕೊಳ್ಳುವ ಕೆಲಸವು ಅವನ ತಟ್ಟೆಯಿಂದಲೇ ಆರಂಭವಾಗಲಿ.